ಹುಳುಮನೆಗೆ ಬಂದ ನಂಗು ಮರಿಗಳು

ಕರಾವಳಿಯ ಕಾಲೇಜಿನಲ್ಲಿ ಮೊದಲ ದಿನ ಪ್ರಯೋಗಾಲಯದ ಬಾಗಿಲು ತೆಗೆದಾಗ ನನ್ನ ಜೊತೆಗಿದ್ದವರೆಲ್ಲ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಒಬ್ಬಳಿಗಂತೂ ಕಣ್ಣಲ್ಲಿ ನೀರೇ ಬಂತು. ನನಗೆ ಮಾತ್ರ ಬಸ್ಸಿಳಿದು ಊರಿಗೆ ಬಂದಷ್ಟು ಹಿತವಾಯಿತು. ಅದು ಫಾರ್ಮಲಿನ್ ವಾಸನೆ. ಹುಟ್ಟಿದಾಗಿನಿಂದ ಅದನ್ನು ಕುಡಿದೇ ಬೆಳೆದವಳು ನಾನು.

ನಮ್ಮದು ತೂಬಗೆರೆ ಹೋಬಳಿಯ ಒಂದು ಹಳ್ಳಿ. ಊರಿಂದ ಸ್ವಲ್ಪ ಆಚೆ, ಹಿಪ್ಪುನೇರಳೆ ಸೊಪ್ಪಿನ ತೋಟದ ನಡುವೆ ನಮ್ಮ ಹುಳುಮನೆ ಇತ್ತು. ರೇಷ್ಮೆ ಹುಳು ಸಾಕುವುದಕ್ಕೆಂದೇ ಕಟ್ಟಿದ, ಶೀಟು ಹೊದಿಸಿದ ಉದ್ದನೆಯ ಒಂದೇ ಕೋಣೆ. ಒಂದು ಬೆಳೆ ಮುಗಿದು ಗೂಡು ಮಾರಾಟಕ್ಕೆ ಹೋದ ಮೇಲೆ, ಮುಂದಿನ ಹುಳು ಬರುವ ಮುಂಚೆ, ಅಪ್ಪ ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಕೋಣೆಗೆಲ್ಲ ಫಾರ್ಮಲಿನ್ ಹೊಡೆದು ಬಾಗಿಲು ಹಾಕಿಬಿಡುತ್ತಿದ್ದ. ಹಳೆಯ ರೋಗ ಹೊಸ ಹುಳುವಿಗೆ ಅಂಟಬಾರದು ಅಂತ. ಆ ದಿನ ತೋಟದ ಕಡೆಯಿಂದ ಗಾಳಿ ಬೀಸಿದರೆ ಕಣ್ಣು ಚುರುಗುಟ್ಟುತ್ತಿತ್ತು. ನಾಳೆ ನಾಡಿದ್ದರಲ್ಲಿ ಹುಳು ಬರುತ್ತದೆ ಅಂತ ನಮಗೆ ಗೊತ್ತಾಗುತ್ತಿದ್ದದ್ದು ಆ ಚುರುಕಿನಿಂದಲೇ.

ಹುಳು ಇದ್ದಷ್ಟು ದಿನ ಮನೆಯಲ್ಲಿ ಅಮ್ಮನ ಕಾನೂನು. ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ, ತಲೆಗೆ ಹೂವಿಲ್ಲ, ಪೌಡರಿಲ್ಲ, ಒಗ್ಗರಣೆಯ ಘಾಟು ಕೂಡ ಆ ಕಡೆ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೀನು ಬೇಯಿಸುವ ಹಾಗಿಲ್ಲ. ಮೀನಿನ ವಾಸನೆ ತಗುಲಿದರೆ ಹುಳು ಸೊಪ್ಪು ಬಿಡುತ್ತದೆ ಅನ್ನುವುದು ಅವಳ ಗಟ್ಟಿ ನಂಬಿಕೆ. ನನಗೋ ಮೀನು ಅಂದರೆ ಪ್ರಾಣ. ಗೂಡು ಮಾರಿದ ದಿನ ಅಪ್ಪ ಕೆರೆ ಮೀನು ತರುತ್ತಿದ್ದ, ಅಲ್ಲಿಯವರೆಗೆ ಬಾಯಿ ಕಟ್ಟಿಕೊಂಡು ಕೂತಿರಬೇಕು. ನಾನು ಮೀನು ಓದುವುದಕ್ಕೆ ಸಮುದ್ರದ ತನಕ ಹೋಗಿದ್ದು ಆ ಸಿಟ್ಟಿನಿಂದಲೇ ಅಂತ ಅಪ್ಪ ಬಂದವರ ಮುಂದೆಲ್ಲ ಹೇಳಿ ನಗಾಡುತ್ತಿದ್ದ. ಪೂರ್ತಿ ಸುಳ್ಳೇನೂ ಅಲ್ಲ.

ಸಂಶೋಧನೆಗೆ ನಾನು ಆರಿಸಿಕೊಂಡದ್ದು ನಂಗು ಮೀನಿನ ಮರಿಗಳನ್ನು. ಕರಾವಳಿಯ ಮಾರುಕಟ್ಟೆಯಲ್ಲಿ ಎಲೆಯ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದಲ್ಲ, ಎರಡೂ ಕಣ್ಣು ಒಂದೇ ಪಕ್ಕಕ್ಕೆ ಇರುವ ಮೀನು, ಅದು. ಅದು ಹುಟ್ಟುವಾಗ ಹಾಗಿರುವುದಿಲ್ಲ. ಮೊಟ್ಟೆಯಿಂದ ಬಂದ ಮರಿ ಬೇರೆ ಮೀನಿನ ಮರಿಗಳಂತೆಯೇ ನೆಟ್ಟಗೆ ಈಜುತ್ತದೆ, ಆ ಪಕ್ಕಕ್ಕೊಂದು ಈ ಪಕ್ಕಕ್ಕೊಂದು ಕಣ್ಣು. ಕಡಲಿನ ಮೇಲಿನ ನೀರಿನಲ್ಲಿ ತೇಲಿಕೊಂಡು, ಸಾಸಿವೆಗಿಂತ ಸಣ್ಣ, ಸೀಗಡಿಯಂಥ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಆಮೇಲೆ ಒಂದು ಕಣ್ಣು ಮೆಲ್ಲಗೆ ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂರುತ್ತದೆ. ಮರಿ ಪಕ್ಕಕ್ಕೆ ವಾಲಿ, ನೆಲಕ್ಕಿಳಿದು, ಮರಳಿನ ಮೇಲೆ ಮಲಗುತ್ತದೆ. ಇನ್ನು ಬದುಕೆಲ್ಲ ಅಲ್ಲೇ.

ಈ ಮರಿಗಳು ದಡದಿಂದ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಇರುತ್ತವೆ? ಅಲ್ಲಿ ಏನು ತಿನ್ನುತ್ತವೆ? ನನ್ನ ಸಂಶೋಧನೆ ಇಷ್ಟೇ. ಹೇಳುವುದಕ್ಕೆ ಸುಲಭ. ಎರಡು ವರ್ಷ, ಮಳೆ ನಿಂತು ದೋಣಿ ಇಳಿಯುವ ಕಾಲದಿಂದ ಬೇಸಿಗೆಯ ತನಕ, ವಾಂತಿ ಮಾಡಿಕೊಂಡು ಸಮುದ್ರಕ್ಕೆ ಹೋದೆ. ದಡದ ಹತ್ತಿರ ಒಂದು ಕಡೆ, ಇನ್ನಷ್ಟು ಆಚೆ ಒಂದು ಕಡೆ, ಪೂರ್ತಿ ದೂರ ಒಂದು ಕಡೆ, ಹೀಗೆ ಗುರುತು ಮಾಡಿಕೊಂಡ ಜಾಗಗಳಲ್ಲಿ ಬಲೆ ಎಳೆಯುವುದು. ಹಿಟ್ಟಿನ ಜರಡಿಗಿಂತ ನಯವಾದ ಬಲೆ ಅದು. ಹಿಂದೆಲ್ಲ ಅಂಥ ಬಲೆಯನ್ನು ರೇಷ್ಮೆ ಬಟ್ಟೆಯಿಂದ ಮಾಡುತ್ತಿದ್ದರಂತೆ. ಅದನ್ನು ಕೇಳಿ ಅಮ್ಮನಿಗೆ ಎಲ್ಲಿಲ್ಲದ ಖುಷಿ.

“ನೋಡ್ದ್ಯಾ, ಎಲ್ಲಿಗೋದ್ರೂ ನಮ್ ಹುಳಾನೇ ಬೇಕು,” ಅಂದಳು ಫೋನಿನಲ್ಲಿ.

ಬಲೆಗೆ ಸಿಕ್ಕದ್ದನ್ನೆಲ್ಲ ಸೋಸಿ, ಮೀನಿನ ಮರಿಗಳನ್ನಷ್ಟೇ ಆಯ್ದು, ಆಯಾ ಜಾಗದ ಮರಿಗಳನ್ನು ಆಯಾ ಬಾಟಲಿಗೆ ಹಾಕಿ ಕೊಳೆಯದ ಹಾಗೆ ಫಾರ್ಮಲಿನ್ ನೀರು ತುಂಬಿಡುತ್ತಿದ್ದೆ. ಯಾವ ಜಾಗ, ಯಾವ ಆಳ ಅಂತ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನೂ ಬಾಟಲಿಯ ಒಳಗೇ ಹಾಕುವುದು ನಮ್ಮ ಪದ್ಧತಿ. ಹೊರಗೆ ಅಂಟಿಸಿದರೆ ಉಪ್ಪುನೀರಿಗೆ ಕಿತ್ತು ಬರುತ್ತದೆ, ಪೆನ್ನಿನಲ್ಲಿ ಬರೆದರೆ ಅಳಿಸಿಹೋಗುತ್ತದೆ. ಕಾಲೇಜಿನಲ್ಲಿ ಸಣ್ಣ ಸೀಸೆ ಮುಗಿದಿದ್ದರಿಂದ ನನಗೆ ಸಿಕ್ಕಿದ್ದು ಉಪ್ಪಿನಕಾಯಿ ಹಾಕುವಂಥ ದೊಡ್ಡ ದೊಡ್ಡ ಬಾಟಲಿಗಳು. ತಳದಲ್ಲಿ ಒಂದಿಷ್ಟು ಮರಿ, ಮೇಲೆಲ್ಲ ನೀರು.

ಆಗ ಬಂತು ಲಾಕ್‌ಡೌನ್. ಹಾಸ್ಟೆಲ್ ಖಾಲಿ ಮಾಡಿ ಅಂದರು. ಲ್ಯಾಬಿಗೆ ಬೀಗ ಬೀಳುತ್ತದೆ, ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ, ಬಾಟಲಿಗಳನ್ನೂ ಒಂದು ಮೈಕ್ರೋಸ್ಕೋಪನ್ನೂ ಮನೆಗೆ ತಗೊಂಡು ಹೋಗಿ ಕೆಲಸ ಮುಂದುವರಿಸು ಅಂತ ನನ್ನ ಮೇಡಂ ಹೇಳಿದರು. ಬೆಂಗಳೂರಿಗೆ ಹೊರಟಿದ್ದ ಹುಡುಗಿಯರ ಜೊತೆ ಕಾರಿನಲ್ಲಿ, ಕಾಲಿನ ಸಂದಿಯಲ್ಲೆಲ್ಲ ಬಾಟಲಿ ಇಟ್ಟುಕೊಂಡು ಘಟ್ಟ ಹತ್ತಿದೆ. ದೊಡ್ಡಬಳ್ಳಾಪುರದ ಹೊರಗೆ ಅಪ್ಪ ಟೆಂಪೋ ತಂದು ಕಾಯುತ್ತಿದ್ದ. ಗೂಡು ತುಂಬುವ ಕ್ರೇಟಿಗೆ ಹುಲ್ಲು ಹಾಸಿ ತಂದಿದ್ದ. ಬಾಟಲಿಗಳನ್ನು ಅದರೊಳಗೆ ಇಡುವಾಗ ಅವನು ಮೂಸಿ ನೋಡಿ, “ನಮ್ ಮನೆ ಸೆಂಟೇ ಅಲ್ವೇನಮ್ಮ ಇದು?” ಅಂದ.

ಆದರೆ ಅಮ್ಮನ ಕಾನೂನು ಇದ್ದೇ ಇತ್ತಲ್ಲ. ಒಳಗಿರುವುದು ಮೀನು ಅಂತ ತಿಳಿದದ್ದೇ ಹೊಸ್ತಿಲಲ್ಲಿ ಕೈ ಅಡ್ಡ ಹಾಕಿದಳು.

“ಹುಳು ನಾಲ್ಕನೇ ಜ್ವರಕ್ ಕೂತವೆ. ಇದನ್ನ ಒಳೀಕ್ ತರ್ಬೇಡ.”

“ಅಮ್ಮಾ, ಇದು ಸತ್ತು ವರ್ಷ ಆಗಿದೆ. ವಾಸನೇನೂ ಇಲ್ಲ.”

“ಸತ್ರೂ ಮೀನ್ ಮೀನೇ.”

ನಮ್ಮಲ್ಲಿ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಆಗ ಹುಳು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಕೂತಿರುತ್ತದೆ. ಒಂದು, ಎರಡು, ಮೂರು, ನಾಲ್ಕು ಜ್ವರ ದಾಟಿದ ಮೇಲೆ ಬಕಾಸುರನ ಹಸಿವು. ಜ್ವರದ ಹೊತ್ತಿನಲ್ಲಿ ಅಮ್ಮನ ಎದುರು ಯಾರೂ ಮಾತಾಡುತ್ತಿರಲಿಲ್ಲ. ನಾನೂ ಮುಖ ಊದಿಸಿಕೊಂಡು, ನನ್ನ ಸಮುದ್ರವನ್ನೆಲ್ಲ ಕೊಟ್ಟಿಗೆಗೆ ಸಾಗಿಸಿದೆ. ಹಸು ಕಟ್ಟುವುದು ನಿಲ್ಲಿಸಿ ವರ್ಷಗಳಾಗಿದ್ದವು. ಅಲ್ಲಿ ಒಂದು ಮೇಜು, ಒಂದು ಸ್ಟೂಲು, ಎಳೆದ ವೈರಿಗೆ ಒಂದು ಬಲ್ಬು ಹಾಕಿಕೊಂಡು ನನ್ನ ಪ್ರಯೋಗಾಲಯ ಶುರುವಾಯಿತು.

ಆ ದಿನಗಳೇ ಬೇರೆ. ಜಗತ್ತಿಗೆಲ್ಲ ಭಯ, ನಿಜ. ಟೀವಿ ಹಾಕಿದರೆ ಸಾವಿನ ಸುದ್ದಿ. ಆದರೆ ನಮ್ಮ ಹಟ್ಟಿಯಲ್ಲಿ ಬೆಳಗ್ಗೆ ಆದರೆ ಅಮ್ಮ ಸೊಪ್ಪು ಕುಯ್ದುಕೊಂಡು ಬಂದು ಹುಳುವಿಗೆ ಹಾಕಿ, ಕೈ ತೊಳೆದು, ಎರಡು ಲೋಟ ಕಾಫಿ ಹಿಡಿದು ಕೊಟ್ಟಿಗೆಗೆ ಬರುತ್ತಿದ್ದಳು. ನನ್ನ ಬಾಟಲಿಗಳನ್ನು ಒಳಗೆ ಬಿಡದವಳು ತಾನೇ ಅವನ್ನು ಹುಡುಕಿಕೊಂಡು ಬರತೊಡಗಿದ್ದು ನನಗೆ ತಮಾಷೆ ಅನ್ನಿಸುತ್ತಿತ್ತು. ದೊಡ್ಡವಳಾದ ಮೇಲೆ ಅಷ್ಟು ದಿನ ನಾನು ಅಮ್ಮನ ಜೊತೆ ಇದ್ದದ್ದು ಅದೇ ಮೊದಲು, ಅದೇ ಕೊನೆ.

ನಾನು ಮಾಡುವುದನ್ನು ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಬಾಟಲಿಯ ನೀರನ್ನು ನಯವಾದ ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಬಿಡುವುದು. ಬಟ್ಟೆಯ ಮೇಲೆ ಉಳಿದ ಮರಿಗಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ತಟ್ಟೆಗೆ ಹಾಕುವುದು. ಒಂದೊಂದನ್ನೇ ಮೈಕ್ರೋಸ್ಕೋಪಿನ ಕೆಳಗಿಟ್ಟು, ಉದ್ದ ಅಳೆದು, ಸೂಜಿಯಿಂದ ಹೊಟ್ಟೆ ಬಿಡಿಸಿ, ಒಳಗೇನಿದೆ ಅಂತ ಬರೆದುಕೊಳ್ಳುವುದು. ಆ ಬಾಟಲಿಯ ಕೆಲಸ ಮುಗಿದ ಮೇಲೆ ಉಳಿದ ಮರಿಗಳನ್ನು ಅದೇ ಬಾಟಲಿಗೆ, ಅದೇ ನೀರಿಗೆ ವಾಪಸ್ಸು.

ಒಂದು ದಿನ ಅವಳನ್ನೂ ಮೈಕ್ರೋಸ್ಕೋಪಿಗೆ ಬಗ್ಗಿಸಿದೆ. ಕಣ್ಣು ದಾಟುತ್ತಿರುವ ಮರಿಯೊಂದು ಸಿಕ್ಕಿತ್ತು, ಒಂದು ಕಣ್ಣು ನೆತ್ತಿಯ ಅಂಚಿಗೆ ಬಂದು ನಿಂತಿತ್ತು. ಅಮ್ಮ ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

“ಪಾಪ, ಕಣ್ಣೇ ನಡ್ಕೊಂಡ್ ಹೋಗ್ತೈತಲ್ಲೇ! ನೋವಾಗಲ್ವಾ ಅದಕ್ಕೆ?”

“ಗೊತ್ತಿಲ್ಲಮ್ಮ.”

“ಹೊಟ್ಟೇಲೇನೈತೆ?”

“ಇದ್ರಲ್ಲಿ ಏನಿಲ್ಲ. ಖಾಲಿ.”

“ಮತ್ತಿನ್ನೇನು, ಜ್ವರಕ್ ಕೂತೈತೆ ಅದು. ಮೈ ಬದ್ಲಾಯಿಸೋವಾಗ ಯಾರ್ ಉಣ್ತಾರೆ?”

ಅವಳ ಮಾತು ನಿಜವಾಗಿದ್ದರೆ ಎಷ್ಟು ಚೆಂದ ಇರುತ್ತಿತ್ತು! ನಾನೂ ಉತ್ಸಾಹದಿಂದ ಕಣ್ಣು ದಾಟುತ್ತಿದ್ದ ಮರಿಗಳನ್ನೆಲ್ಲ ಹುಡುಕಿ ಹೊಟ್ಟೆ ಬಿಡಿಸಿದೆ. ಹೆಚ್ಚಿನವು ಚೆನ್ನಾಗಿ ತಿಂದಿದ್ದವು. ಹಾಗಂತ ಹೇಳಿದರೆ ಅಮ್ಮ ಒಪ್ಪಲೇ ಇಲ್ಲ. ಸಮುದ್ರದ ಮೀನಿಗೆ ನಾಚಿಕೆ ಇಲ್ಲ ಅಂದುಬಿಟ್ಟಳು.

ಖಾಲಿ ಹೊಟ್ಟೆಗಳು ಮಾತ್ರ ನನ್ನ ತಲೆ ತಿನ್ನತೊಡಗಿದವು. ಮುಗಿಸಿದ ಬಾಟಲಿಗಳು ಇನ್ನೂ ಕೆಲವೇ. ಆದರೂ ಒಂದು ಗುಮಾನಿ ಬರತೊಡಗಿತ್ತು. ದಡದ ಹತ್ತಿರದ ಮರಿಗಳ ಹೊಟ್ಟೆ ತುಂಬಿರುತ್ತಿತ್ತು. ದೂರದ ನೀರಿನ ಮರಿಗಳದ್ದು ಮುಕ್ಕಾಲು ಪಾಲು ಖಾಲಿ. ಹಾಗಾದರೆ ದೂರದಲ್ಲಿ ಹುಟ್ಟಿದ ಮರಿ ದಡದ ಕಡೆ ಬರುವ ತನಕ ಹಸಿದೇ ಇರುತ್ತದಾ? ಬಂದದ್ದು ಬದುಕುತ್ತದೆ, ಬಾರದ್ದು ಅಲ್ಲೇ ಮುಗಿಯುತ್ತದಾ? ಉಳಿದ ಬಾಟಲಿಗಳೂ ಇದನ್ನೇ ಹೇಳಿದರೆ ನನ್ನ ಎರಡು ವರ್ಷಕ್ಕೆ ಒಂದು ಅರ್ಥ ಬರುತ್ತಿತ್ತು. ನಾನು ಆ ದಿನಗಳಲ್ಲಿ ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನದೇ ಅನ್ನುವ ಒಂದು ವಿಷಯ ಕೈಗೆ ಸಿಗುವುದರಲ್ಲಿತ್ತು.

ಅಷ್ಟರಲ್ಲಿ ಹುಳುಮನೆಯಲ್ಲಿ ಸುಣ್ಣಕಟ್ಟು ಬಿತ್ತು. ಹುಳು ಸತ್ತು, ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ, ಗಟ್ಟಿಯಾಗುವ ರೋಗ. ಹಣ್ಣಾಗುವ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಅಣಿಯಾಗುವ ಹೊತ್ತಿಗೆ ಅರ್ಧಕ್ಕರ್ಧ ಹುಳು ಹೋಯಿತು. ಅಮ್ಮ ಅವನ್ನು ಆಯ್ದು ಆಯ್ದು ಸುಟ್ಟಳು. ಮುಂದಿನ ಹುಳು ಬರುವ ಮುಂಚೆ ಹುಳುಮನೆಯ ಮೂಲೆಮೂಲೆಗೂ ಫಾರ್ಮಲಿನ್ ಹೊಡೆಯಲೇಬೇಕಿತ್ತು. ಆದರೆ ತರುವುದೆಲ್ಲಿಂದ? ಅಂಗಡಿ ಮುಚ್ಚಿತ್ತು. ಅಪ್ಪ ಘಾಟಿ ಕಡೆ, ದೊಡ್ಡಬಳ್ಳಾಪುರದ ಕಡೆ ಎಲ್ಲ ಕಡೆಗೂ ಫೋನ್ ಮಾಡಿ ಸೋತ. ನಾನು ತಂದಿದ್ದ ಹೆಚ್ಚುವರಿ ಕ್ಯಾನ್ ಒಂದಿತ್ತು, ಅದನ್ನು ತಗೋ ಅಂತ ನಾನೇ ಕೊಟ್ಟೆ. ಅಪ್ಪ ಅದನ್ನು ಎತ್ತಿ ನೋಡಿ, “ಅರ್ಧ ಮನೆಗೂ ಬರಲ್ಲ ಕಣಮ್ಮ,” ಅಂದ.

ಮಾರನೆಯ ದಿನ ಬೆಳಗ್ಗೆ ಸಿಗ್ನಲ್ಲಿಗಾಗಿ ಊರಾಚೆಯ ಬಂಡೆ ಹತ್ತಿ ಕೂತು ಮೇಡಂ ಜೊತೆ ಮಾತಾಡುತ್ತಿದ್ದೆ. ಹಸಿದ ಮರಿಗಳ ನನ್ನ ಗುಮಾನಿ ಅವರಿಗೂ ಹಿಡಿಸಿತ್ತು. ಎಲ್ಲ ಬಾಟಲಿ ಮುಗಿಸು, ಆಮೇಲೆ ಬರೆಯೋಣ ಅಂದರು. ಹಿಗ್ಗಿಕೊಂಡು ಇಳಿದು ಬರುತ್ತಿರುವಾಗ ತೋಟದ ಕಡೆಯಿಂದ ಗಾಳಿ ಬೀಸಿತು. ಕಣ್ಣು ಚುರುಗುಟ್ಟಿತು.

ಅಪ್ಪನಿಗೆ ಎಲ್ಲೋ ಫಾರ್ಮಲಿನ್ ಸಿಕ್ಕಿರಬೇಕು ಅಂದುಕೊಂಡು ಸಂತೋಷವಾಗಿಯೇ ಹಟ್ಟಿಗೆ ಬಂದೆ. ತುಳಸಿಕಟ್ಟೆಯ ಸುತ್ತ ನನ್ನ ಬಾಟಲಿಗಳೆಲ್ಲ ತೊಳೆಸಿಕೊಂಡು, ಬಾಯಿ ಕೆಳಗೆ ಮಾಡಿ, ಸಾಲಾಗಿ ಬಿಸಿಲು ಕಾಯುತ್ತಿದ್ದವು.

ಕೊಟ್ಟಿಗೆಗೆ ಓಡಿದೆ. ಅಮ್ಮ ನನ್ನ ಸ್ಟೂಲಿನ ಮೇಲೆ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕೋಳಿಗರಿಯ ತುದಿಯಿಂದ ಏನನ್ನೋ ಮೆಲ್ಲಗೆ ಸರಿಸುತ್ತಿದ್ದಳು. ಮರಿ ಹುಳುವನ್ನು ಬೆರಳಿನಿಂದ ಮುಟ್ಟಬಾರದು, ಗರಿಯಿಂದಲೇ ಎತ್ತಬೇಕು. ಅವಳ ಮುಂದೆ ಮೂರು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ತಿಳಿನೀರು. ಒಂದರಲ್ಲಿ ಸಣ್ಣ ಮರಿಗಳು, ಒಂದರಲ್ಲಿ ಮಧ್ಯದವು, ಒಂದರಲ್ಲಿ ದೊಡ್ಡವು. ಪಕ್ಕದಲ್ಲಿ ನನ್ನ ಚೀಟಿಗಳನ್ನೆಲ್ಲ ಹರವಿ, ಹಾರದ ಹಾಗೆ ಕಲ್ಲು ಇಟ್ಟು ಒಣಗಿಸಿದ್ದಳು.

“ಬಂದ್ಯಾ? ನಿಂದ್ ನೀರ್ ಸೋಸ್ಕೊಂಡ್ವಿ ಕಣೆ. ನಿಮ್ಮಪ್ಪ ಹೊಡ್ದ್ಬಿಟ್ರು. ಮರಿ ಒಂದೂ ಹೋಗಿಲ್ಲ ನೋಡು. ಎಲ್ಲಾ ಕಲ್ಸ್‌ಬಿಟ್ಟಿದ್ದೆ ನೀನು, ದೊಡ್ಡವು ಸಣ್ಣವು ಒಂದ್ರಲ್ಲೇ. ಹಂಗ್ ಬಿಟ್ರೆ ಏಳ್ಗೆ ಆಗಲ್ಲ. ಬೇರೆ ಬೇರೆ ಮಾಡಿವ್ನಿ.”

ಹುಳು ಸಾಕುವವರ ಕೆಲಸ ಅದು. ಒಂದೇ ತಟ್ಟೆಯಲ್ಲಿ ದೊಡ್ಡದೂ ಸಣ್ಣದೂ ಇದ್ದರೆ ದೊಡ್ಡದು ಮೇಯ್ದುಬಿಡುತ್ತದೆ, ಸಣ್ಣದು ಸೊರಗುತ್ತದೆ. ಅದಕ್ಕೇ ಗಾತ್ರ ನೋಡಿ ಬೇರೆ ಮಾಡುತ್ತಾರೆ. ನಾನು ಬಾಟಲಿ ಬಾಟಲಿಗೆ ಬೇರೆ ಮಾಡಿಟ್ಟದ್ದು ಅವಳ ಕಣ್ಣಿಗೆ ಬರೀ ಕಲಬೆರಕೆಯಾಗಿ ಕಂಡಿತ್ತು. ನೀರು ಬಸಿಯುವುದು, ತೊಳೆಯುವುದು, ತಟ್ಟೆಗೆ ಹಾಕುವುದು, ಎಲ್ಲವನ್ನೂ ನಾನು ಮಾಡಿದ ಹಾಗೆಯೇ ಮಾಡಿದ್ದಳು. ನನಗಿಂತ ಶುದ್ಧವಾಗಿಯೇ ಮಾಡಿದ್ದಳು.

ನನ್ನ ಕೋಪ ಮನೆಯಲ್ಲಿ ಪ್ರಸಿದ್ಧ. ಅವತ್ತು ಕೋಪ ಕೂಡ ಬರಲಿಲ್ಲ. ನೆಲದ ಮೇಲೆ ಕೂತು ಬಾಯಿ ಬಿಟ್ಟು ಅತ್ತುಬಿಟ್ಟೆ. ಅಮ್ಮ ಗಾಬರಿಯಾಗಿ ಗರಿ ಹಿಡಿದುಕೊಂಡೇ ಎದ್ದು ಬಂದಳು.

“ಯಾಕೆ? ಯಾಕೇ ಅಳ್ತೀಯ? ಎಲ್ಲಾ ಅವೆ ಅಂದ್ನಲ್ಲ!”

“ಯಾವುದು ಎಲ್ಲಿತ್ತು ಅಂತ ಬೇಕಾಗಿತ್ತಮ್ಮ.”

“ಎಲ್ಲಿ ಅಂದ್ರೆ? ಬಾಟ್ಲೀಲಿತ್ತು.”

“ಯಾವ ಬಾಟ್ಲೀಲಿ? ಸಮುದ್ರದಲ್ಲಿ ಎಲ್ಲಿಂದ ಬಂದಿತ್ತು? ಅದೇ ನನ್ನ ಕೆಲಸ!”

“ಎಲ್ಲಿಂದ ಬಂದ್ರೇನೆ? ಈಗ ಇಲ್ಲೇ ಅವಲ್ಲ, ಒಂದೂ ಹೋಗ್ದಂಗೆ.”

ಎಷ್ಟು ಹೇಳಿದರೂ ಅವಳಿಗೆ ಅದು ಹತ್ತಲಿಲ್ಲ. ಏನೋ ತಪ್ಪಾಗಿದೆ ಅಂತ ಮಾತ್ರ ತಿಳಿಯಿತು. ಏನು ಹೋಯಿತು ಅಂತ ತಿಳಿಯಲಿಲ್ಲ. ಅಪ್ಪ ಬಂದು ನನ್ನ ಮುಖ ನೋಡಿ, ಟವೆಲ್ ಕೊಡವಿಕೊಂಡು ತೋಟಕ್ಕೆ ಹೋಗಿಬಿಟ್ಟ. ಸಮುದ್ರಕ್ಕೆ ಮತ್ತೆ ಹೋಗೋಣ ಅಂದರೆ ದೋಣಿಗಳು ದಡ ಸೇರಿದ್ದವು, ಮಳೆಗಾಲ ಹತ್ತಿರ ಬಂದಿತ್ತು, ನನ್ನ ಸಂಶೋಧನೆಯ ಅವಧಿಯೂ ಮುಗಿಯುವುದರಲ್ಲಿತ್ತು. ಮರಿಗಳನ್ನು ಹಾಗೇ ನೀರಿನಲ್ಲಿ ಬಿಟ್ಟರೆ ಕೊಳೆಯುತ್ತವೆ. ಫಾರ್ಮಲಿನ್ ಹನಿಯೂ ಉಳಿದಿರಲಿಲ್ಲ. ಕೊನೆಗೆ ಪಂಚಾಯಿತಿಯವರು ಮನೆಮನೆಗೆ ಹಂಚಿದ್ದ ಸ್ಯಾನಿಟೈಸರ್, ನೀರಿನಂತೆ ತೆಳ್ಳಗಿದ್ದದ್ದು, ಅದರಲ್ಲೇ ತುಂಬಿಟ್ಟೆ. ಅಕ್ಕಪಕ್ಕದವರ ಪಾಲಿನದನ್ನೂ ಅಮ್ಮ ಬೇಡಿ ತಂದಳು. ಯಾಕೆ ಅಂತ ಕೇಳಿದವರಿಗೆ ನಮ್ ಹುಡ್ಗಿ ಮೀನ್‌ಗೆ ಅಂದಳಂತೆ. ನಮ್ಮ ಮನೆಯ ಮೀನುಗಳು ಕೈ ತೊಳೆದುಕೊಂಡೇ ಊಟಕ್ಕೆ ಕೂರುತ್ತವೆ ಅಂತ ಊರಲ್ಲಿ ಬಹಳ ದಿನ ತಮಾಷೆ ನಡೆಯಿತು.

ಆ ಸಲದ ಬೆಳೆ ಬಹಳ ಚೆನ್ನಾಗಿ ಬಂತು. ರೋಗದ ಸುಳಿವಿಲ್ಲ. ಚಂದ್ರಿಕೆಗಳಲ್ಲಿ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ಸುರುಳಿಗಳಲ್ಲಿ, ಒಂದು ಕಡೆಯೂ ಜಾಗ ಖಾಲಿ ಇರಲಿಲ್ಲ. ನನ್ನ ಬಾಟಲಿಯ ನೀರೇ ಅದನ್ನು ಉಳಿಸಿದ್ದು ಅಂತ ಅಮ್ಮ ಬಂದವರಿಗೆಲ್ಲ ಹೇಳಿದಳು. ನನಗೆ ಸಂತೋಷವೂ ಆಗುತ್ತಿತ್ತು, ಮೈ ಉರಿಯುತ್ತಲೂ ಇತ್ತು.

ನಾನು ಪ್ರಬಂಧ ಬರೆದು ಮುಗಿಸಿದೆ. ಯಾವ ಗಾತ್ರದ ಮರಿ ಏನು ತಿನ್ನುತ್ತದೆ ಅಂತ ಹೇಳುವುದಕ್ಕೆ ಅಡ್ಡಿಯಿರಲಿಲ್ಲ, ಅಮ್ಮ ಗಾತ್ರ ನೋಡಿಯೇ ಜೋಡಿಸಿ ಕೊಟ್ಟಿದ್ದಳಲ್ಲ. ಎಲ್ಲೆಲ್ಲಿ ಹರಡಿರುತ್ತವೆ ಅನ್ನುವ ಅಧ್ಯಾಯ ಬಿದ್ದುಹೋಯಿತು. ಬಾಟಲಿಗಳು ಬೆರೆತುಹೋದವು ಅಂತ ಒಂದು ಸಾಲು ಬರೆದೆವು. ಹಸಿದ ಮರಿಗಳ ವಿಷಯ, ಮುಗಿಸಿದ್ದ ನಾಲ್ಕಾರು ಬಾಟಲಿಗಳ ಮೇಲೆ ಹೇಳುವಂಥದ್ದಲ್ಲ ಅಂತ ಮೇಡಂ ತೆಗೆಸಿದರು. ಅವರು ಹೇಳಿದ್ದು ಸರಿಯೇ. ಡಿಗ್ರಿ ಬಂತು, ಈಗ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾರಾದರೂ ನನ್ನ ಸಂಶೋಧನೆ ಬಗ್ಗೆ ಕೇಳಿದರೆ ಇವತ್ತಿಗೂ ಮೊದಲು ನೆನಪಾಗುವುದು ನಾನು ಬರೆಯದೆ ಬಿಟ್ಟ ಆ ಅಧ್ಯಾಯವೇ.

ಡಿಗ್ರಿ ಬಂದ ದಿನವೂ ಅಮ್ಮ ಅದನ್ನೇ ಎತ್ತಿದಳು. “ಅವತ್ತು ಸುಮ್‌ಸುಮ್ನೆ ಅತ್ತೆ. ಏನಾದ್ರೂ ನಿಂತೋಯ್ತಾ? ಮರಿ ಒಂದೂ ಹೋಗಿರ್ಲಿಲ್ಲ.” ಹೋದದ್ದು ಹೋಯಿತು. ಆದರೆ ಏನು ಹೋಯಿತು ಅಂತ ಅವಳಿಗೆ ಒಂದು ಸಲ, ಒಂದೇ ಸಲ ತಿಳಿದರೆ ಸಾಕು ಅಂತ ನನ್ನ ಮನಸ್ಸು ಹಟ ಹಿಡಿದಿತ್ತು. ಬೇರೆ ಯಾರಿಗೆ ತಿಳಿದರೂ ನನಗೆ ಅಷ್ಟು ಬೇಕಿರಲಿಲ್ಲ.

ಆಮೇಲೆ ನಮ್ಮ ಸುತ್ತಿನ ಹೊಲಗಳೆಲ್ಲ ಸೈಟುಗಳಾಗುತ್ತಾ ಬಂದವು. ಸೊಪ್ಪು ಕುಯ್ಯುವುದಕ್ಕೆ ಆಳು ಸಿಗುವುದಿಲ್ಲ, ಅಪ್ಪನಿಗೆ ಮಂಡಿ ನೋವು. ಅಪ್ಪನೇ ಮನಸ್ಸು ಮಾಡಿ ತೋಟ ಕೊಟ್ಟು, ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದ. ಬೇಜಾರೇನೂ ಪಟ್ಟುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಅವನಿಗೆ ಹರಟೆಗೆ ಒಂದು ಗುಂಪೇ ಸಿಕ್ಕಿತು. ಅಮ್ಮ ಹುಳುಮನೆಯ ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲವನ್ನೂ ಹೊಸ ಮನೆಯ ತಾರಸಿಯ ಕೋಣೆಗೆ ಸಾಗಿಸಿ ಪ್ಲಾಸ್ಟಿಕ್ ಹೊದಿಸಿದಳು. ಇನ್ನು ಹುಳು ಸಾಕುವುದಿಲ್ಲ ಅಂತ ಗೊತ್ತಿದ್ದೂ ಸಾಗಿಸಿದಳು. ನಾವ್ಯಾರೂ ಬೇಡ ಅನ್ನಲಿಲ್ಲ.

ಹೋದ ವರ್ಷ ರಜೆಗೆ ಬಂದಾಗ ಅಮ್ಮನನ್ನು ಘಾಟಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ಸು ಬರುವಾಗ, ನಮ್ಮ ತೋಟದ ಕಡೆ ಹೋಗಿ ಬರೋಣ ಅಂದಳು. ಕೊಟ್ಟ ಮೇಲೆ ಅವಳು ಆ ಕಡೆ ಹೋಗಿರಲೇ ಇಲ್ಲ. ಕಾರು ನಿಲ್ಲಿಸಿದೆ. ಕಮಾನು, ಡಾಂಬರು ರಸ್ತೆ, ನಂಬರು ಬರೆದ ಕಲ್ಲುಗಳು. ಎಲ್ಲ ಒಂದೇ ಮಟ್ಟಕ್ಕೆ ಸವರಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಸರಸರ ಒಳಗೆ ನಡೆದಳು.

“ಇಲ್ಲಿ ಬಾವಿ,” ಅಂತ ಒಂದು ಕಡೆ ನಿಂತಳು. ಆಮೇಲೆ ಸಂಶಯ ಬಂತು. “ಅಲ್ಲ, ಹೊಂಗೆ ಮರ ಇಲ್ಲಿತ್ತು. ಬಾವಿ ಆ ಕಡೆ.”

“ಬಾವಿ ಇನ್ನೂ ಮೇಲಕ್ಕಿತ್ತು ಅನ್ಸತ್ತಮ್ಮ.”

“ನಿಂಗೇನ್ ಗೊತ್ತು, ನೀನ್ ಎಷ್ಟ್ ದಿನ ಇದ್ದೆ?” ಅಂತ ಗದರಿದಳು. ಬದುಗಳಿರಲಿಲ್ಲ, ಕಾಲುವೆ ಇರಲಿಲ್ಲ, ತಿಟ್ಟು ಇರಲಿಲ್ಲ. ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು. ಬಾವಿಯಿಂದ ಹುಳುಮನೆ ಬಾಗಿಲಿಗೆ ಎಷ್ಟು ದೂರ ಅಂತ ನೀರು ಹೊತ್ತ ಕಾಲಿಗೆ ಗೊತ್ತಿತ್ತು, ಆದರೆ ಹೊರಡುವುದು ಎಲ್ಲಿಂದ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಗ್ಗೆ ಕಣ್ಣು ಬಿಡುವ ಮುಂಚೆ ನಡೆದು ಹೋಗಿ ಬಾಗಿಲು ತೆಗೆಯುತ್ತಿದ್ದ ಮನೆ. ಸಿಗಲಿಲ್ಲ. ಕೊನೆಗೆ ಒಂದು ಸೈಟಿನ ನಡುವೆ ನಿಂತು ಸುತ್ತಲೂ ನೋಡಿದಳು.

ಅವಳನ್ನು ಹಾಗೆ ನೋಡಲಾಗದೆ ನಾನು ಸಮಾಧಾನ ಹೇಳಲು ಹೋದೆ.

“ಬಿಡಮ್ಮ, ಏನೂ ಹೋಗಿಲ್ಲ. ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲಾ ಮನೇಲಿ ಜೋಪಾನವಾಗಿದೆಯಲ್ಲ.”

“ಅವಿದ್ರೇನ್ ಬಂತು?” ಅಂದಳು ಸಿಡುಕಿನಿಂದ. “ಎಲ್ಲಿತ್ತು ಅಂತ ಗೊತ್ತಾಗ್ಬೇಕಲ್ಲ.”

ಹೇಳಿದವಳು ಕಾಲ ಬಳಿಯ ನಂಬರು ಕಲ್ಲನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅವತ್ತು ನೀನ್ ಅತ್ತಿದ್ದು ಇದಕ್ಕೇನಾ?”

ಹೂಂ ಅಂದೆ. ಅವಳು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ಕಾರಿನ ತನಕ ಬಿಡಲಿಲ್ಲ.